ಜಾಝ್ ಹಬ್ಬ ಒಂದು ಸಂಜೆ, ಉಳಿದ ದಿನ ಬೆಂಗಳೂರಿನ ಕಲಾವಿದರು ನುಡಿಸೋದೆಲ್ಲಿ?

ಬೆಂಗಳೂರು: ಏಪ್ರಿಲ್ 30 ಅಂತಾರಾಷ್ಟ್ರೀಯ ಜಾಝ್ ದಿನ. 2011ರಲ್ಲಿ ಯುನೆಸ್ಕೋ ಘೋಷಿಸಿದ ಈ ದಿನದ ನೆಪದಲ್ಲಿ ಹಲವು ನಗರಗಳಲ್ಲಿ ಜಾಝ್ ಹಬ್ಬ ನಡೆಯುತ್ತೆ. ವಿದೇಶದಿಂದ ಒಂದೆರಡು ತಂಡ, ಜತೆಗೆ ಊರಿನ ಒಂದೆರಡು ತಂಡ. ಪೋಸ್ಟರ್‌ನಲ್ಲಿ ಹೊರಗಿನವರ ಹೆಸರು ದಪ್ಪಕ್ಷರದಲ್ಲಿ, ಊರಿನವರದ್ದು ಕೆಳಗೆ ಸಣ್ಣದಾಗಿ. ಜನ ಬರ್ತಾರೆ, ಚಪ್ಪಾಳೆ ಹೊಡೀತಾರೆ, ಹೋಗ್ತಾರೆ. ಆದರೆ ಮರುದಿನದಿಂದ ಊರಿನ ಕಲಾವಿದರ ಪಾಡೇನು ಅನ್ನೋದನ್ನ ಕೇಳುವವರು ಕಡಿಮೆ.

ಈ ಪ್ರಶ್ನೆಗೆ ಮುಂಬೈ ಒಳ್ಳೆಯ ಪಾಠ. ನಿರಂಜನ ಝವೇರಿ ಅವರ ಮುಂದಾಳತ್ವದಲ್ಲಿ 1978ರಲ್ಲಿ ಅಲ್ಲಿ ಶುರುವಾದ 'ಜಾಝ್ ಯಾತ್ರಾ'ಗೆ ಸ್ಯಾಕ್ಸೋಫೋನ್ ದಿಗ್ಗಜ ಸೋನಿ ರೋಲಿನ್ಸ್ ಅಂಥವರೇ ಬಂದು ನುಡಿಸಿದ್ದರು. ಸೇಂಟ್ ಝೇವಿಯರ್ಸ್ ಕಾಲೇಜಿನ ಹತ್ತಿರದ ರಂಗಭವನ ಅನ್ನೋ ಬಯಲು ರಂಗಮಂದಿರದಲ್ಲಿ ಹಬ್ಬ. ಲೂಯಿ ಬ್ಯಾಂಕ್ಸ್ ಅವರಂಥ ನಮ್ಮ ದೇಶದ ಕಲಾವಿದರು ಹೊರಗಿನವರ ಸಮಕ್ಕೆ ನಿಂತು ನುಡಿಸಿದ್ದು ಇಂಥ ವೇದಿಕೆಯಲ್ಲೇ. ಮುಂದೆ ಶಬ್ದ ಮಾಲಿನ್ಯ ನಿಯಮ ಬಂತು, ರಂಗಭವನ ನಿಶ್ಶಬ್ದ ವಲಯದೊಳಗೆ ಸೇರಿತು, ಅಲ್ಲಿ ಸಂಗೀತ ನಿಂತಿತು. ಕಟ್ಟಡ ಇದೆ, ಹಾಡಿಲ್ಲ.

ಬೆಂಗಳೂರಿಗೆ ಅಂಥ ದೊಡ್ಡ ಹಬ್ಬದ ಇತಿಹಾಸ ಇಲ್ಲದಿದ್ದರೂ ಜಾಝ್ ಜತೆ ನಮ್ಮೂರಿನ ನಂಟು ಸಣ್ಣದೇನಲ್ಲ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಇಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರ ಜತೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ವರ್ಷಗಟ್ಟಲೆ ಒಡನಾಡಿದರು. ಆತ ನಾಗಸ್ವರವನ್ನೂ ಕಲಿತಿದ್ದ ಮನುಷ್ಯ. ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಮರಿಯಾನೋ ಅವರ ಸ್ಯಾಕ್ಸೋಫೋನ್ ಸೇರಿ 'ಜ್ಯೋತಿ' ಅನ್ನೋ ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಹೊರಬಂತು. ಇದು ಒಂದು ರಾತ್ರಿಯ ಅತಿಥಿ ಮಾಡುವ ಕೆಲಸ ಅಲ್ಲ. ಕೂತು ಕಲಿತು, ಮತ್ತೆ ಮತ್ತೆ ಜತೆಯಾಗಿ ನುಡಿಸಿದ್ದರ ಫಲ.

ಜಾಝ್‌ನ ಸ್ವಭಾವವೇ ಹಾಗೆ. ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಅದೇ ಚೌಕಟ್ಟಿನ ಮೇಲೆ ಆ ಕ್ಷಣಕ್ಕೆ ಹೊಳೆದದ್ದನ್ನು ಬೆಳೆಸ್ತಾರೆ. ನಮ್ಮ ಮನೋಧರ್ಮ ಸಂಗೀತ, ತನಿ ಆವರ್ತನ ಕೇಳಿದವರಿಗೆ ಇದು ಹೊಸದಲ್ಲ. ಮನೇಲಿ ಒಬ್ಬರೇ ಕೂತು ಅಭ್ಯಾಸ ಮಾಡಿದರೆ ಈ ವಿದ್ಯೆ ಅರ್ಧಕ್ಕೇ ನಿಲ್ಲುತ್ತೆ. ವಾರ ವಾರ ನಾಲ್ಕು ಜನರ ಜತೆ, ಕೇಳುಗರ ಎದುರು ನುಡಿಸಬೇಕು.

ಆ ವಾರದ ವೇದಿಕೆಯೇ ಬೆಂಗಳೂರಿನಲ್ಲಿ ಕಷ್ಟದಲ್ಲಿರೋದು. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಬೆರಳೆಣಿಕೆ ಜಾಗಗಳಿವೆ, ಸರಿ. ಆದರೆ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷವೇ ನಗರದ ಎಷ್ಟೋ ಪಬ್, ರೆಸ್ಟೋರೆಂಟ್‌ಗಳಲ್ಲಿ ಲೈವ್ ಸಂಗೀತ ಬಂದ್ ಆಯ್ತು. ಲೈಸೆನ್ಸ್ ಬೇಕಂದ್ರೆ ಕಟ್ಟಡದ ಸ್ವಾಧೀನ ಪತ್ರ ಕೊಡಬೇಕು. ಬೆಂಗಳೂರಿನಲ್ಲಿ ಆ ಪತ್ರ ಇಲ್ಲದ ಕಟ್ಟಡಗಳೆಷ್ಟು ಅಂತ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಡ್ಯಾನ್ಸ್ ಬಾರ್‌ಗಳ ಹಾವಳಿ ತಡೆಯೋಕೆ ಹೆಣೆದ ಬಲೆಯಲ್ಲಿ ಪಿಯಾನೋ ನುಡಿಸೋನೂ ಸಿಕ್ಕಿಬಿದ್ದ.

ಇಂದಿರಾನಗರದ ನಿವಾಸಿಗಳ ಸಿಟ್ಟಿಗೂ ಕಾರಣ ಇದೆ. ಮಧ್ಯರಾತ್ರಿವರೆಗೆ ಛಾವಣಿ ಮೇಲೆ ಸ್ಪೀಕರ್ ಅಬ್ಬರಿಸಿದರೆ ಯಾರು ಸಹಿಸ್ತಾರೆ? ಅವರದ್ದು ನ್ಯಾಯವಾದ ದೂರು. ಸಮಸ್ಯೆ ಏನಪ್ಪಾ ಅಂದ್ರೆ, ಡಿಜೆ ಅಬ್ಬರಕ್ಕೂ ನಾಲ್ಕು ಜನ ಕೂತು ನುಡಿಸೋ ಸಂಗೀತಕ್ಕೂ ವ್ಯವಸ್ಥೆ ವ್ಯತ್ಯಾಸ ಮಾಡೋದಿಲ್ಲ. ಅದೇ ಹಬ್ಬಕ್ಕಾದರೆ ದಾರಿ ಇದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 10ರಿಂದ 12ರವರೆಗೆ ಧ್ವನಿವರ್ಧಕಕ್ಕೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಪ್ರತಿ ಗುರುವಾರ ಸಂಜೆ ಎರಡು ತಾಸು ನುಡಿಸುವ ಹುಡುಗನಿಗೆ ಅಂಥ ಬಾಗಿಲು ಯಾವುದೂ ಇಲ್ಲ.

ದೆಹಲಿಯಲ್ಲಿ ಕೇಂದ್ರದ ಸಾಂಸ್ಕೃತಿಕ ಸಂಬಂಧಗಳ ಮಂಡಳಿ ನೆಹರೂ ಪಾರ್ಕ್‌ನಲ್ಲಿ ಉಚಿತ ಜಾಝ್ ಹಬ್ಬ ನಡೆಸಿದ್ದುಂಟು. ಬೆಂಗಳೂರಿನಲ್ಲೂ ಕಬ್ಬನ್ ಪಾರ್ಕ್‌ನಲ್ಲಿ ಬ್ಯಾಂಡ್ ಸಂಗೀತಕ್ಕಂತಲೇ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಬ್ಯಾಂಡ್‌ಸ್ಟ್ಯಾಂಡ್ ಇದೆ. ಸ್ಯಾಕ್ಸೋಫೋನ್, ಡಬಲ್ ಬಾಸ್, ಮೃದಂಗಕ್ಕೆ ದೊಡ್ಡ ಸ್ಪೀಕರ್ ಬೇಕಿಲ್ಲ. ಸಂಸ್ಕೃತಿ ಇಲಾಖೆ ಮನಸ್ಸು ಮಾಡಿದರೆ ಭಾನುವಾರದ ಸಂಜೆಗಳನ್ನು ಊರಿನ ತಂಡಗಳಿಗೆ ಬಿಟ್ಟುಕೊಡಬಹುದು. ಸಣ್ಣ ವೇದಿಕೆಗಳಿಗೆ ಡೆಸಿಬಲ್ ಮಿತಿ ಹಾಕಿ ಪ್ರತ್ಯೇಕ, ಸರಳ ಪರವಾನಗಿ ಕೊಡೋದು ಗೃಹ ಇಲಾಖೆಯ ಕೈಯಲ್ಲಿದೆ. ಹಬ್ಬಕ್ಕೆ ಬರುವ ವಿದೇಶಿ ಕಲಾವಿದರನ್ನು ಇನ್ನೊಂದು ವಾರ ಉಳಿಸಿಕೊಂಡು ಇಲ್ಲಿನ ಹುಡುಗರ ಜತೆ ಕೂರಿಸುವ ಷರತ್ತನ್ನು ಪ್ರಾಯೋಜಕರೇ ಒಪ್ಪಂದದಲ್ಲಿ ಸೇರಿಸಬಹುದು. ಹೋಟೆಲ್ ಖರ್ಚು ಸ್ವಲ್ಪ ಏರುತ್ತೆ, ಅಷ್ಟೇ.