ಮನೆಯ ಪಾಠಕ್ರಮವೂ ದುಡಿಯುವವರ ಹೊತ್ತೂ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ಪದ್ಧತಿಯೊಂದು ಬೆಂಗಳೂರಿನ ಕೆಲವು ಅನುಕೂಲಸ್ಥ ಕುಟುಂಬಗಳಲ್ಲಿ ಕಾಣಿಸಿಕೊಂಡಿದೆ. ತಂದೆ ತಾಯಿಗಳು ತಾವೇ ಪಾಠಕ್ರಮವನ್ನು ಗೊತ್ತುಮಾಡುತ್ತಾರೆ. ಮಗುವಿನ ಶಕ್ತಿಗೂ ಒಲವಿಗೂ ತಕ್ಕಂತೆ ಅದನ್ನು ಆಗಾಗ್ಗೆ ತಿದ್ದಿಕೊಳ್ಳುತ್ತಾರೆ. ಇದನ್ನು ಕೇಳಿದ ಯಡಿಯೂರಿನ ಕಾಯಿ ಅಂಗಡಿಯವರಾಗಲಿ ತುಮಕೂರಿನ ಗಿರಣಿ ಕಾರ್ಮಿಕರಾಗಲಿ, ಅದು ಉಳ್ಳವರ ಮಾತು, ನಮಗೇಕೆ ಎಂದು ತಳ್ಳಿಹಾಕುವುದು ಸಹಜ. ನಾವು ಹಾಗೆ ತಳ್ಳಿಹಾಕಲಾರೆವು. ಆ ಪದ್ಧತಿಯಲ್ಲಿ ಎರಡು ಸಂಗತಿಗಳು ಬೆರೆತಿವೆ: ಒಂದು, ಶಾಲೆಯನ್ನು ತೊರೆಯುವುದು, ಇನ್ನೊಂದು, ಮಗುವನ್ನು ನೋಡಿ ಪಾಠವನ್ನು ಹೊಂದಿಸುವುದು. ಮೊದಲನೆಯದನ್ನು ನಾವು ಒಪ್ಪುವುದಿಲ್ಲ. ಎರಡನೆಯದು ಉಳ್ಳವರ ಮನೆಯಲ್ಲಿ ಮಾತ್ರ ಏಕಿರಬೇಕು?

ಅದರ ಅವಶ್ಯಕತೆ ನಮ್ಮವರಿಗೇ ಹೆಚ್ಚು. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಏನಾಯಿತೆಂಬುದನ್ನು ಯಾರೂ ಮರೆತಿರಲಾರರು. ಆ ವರ್ಷ ಆಗಸ್ಟಿನಲ್ಲಿ ಸರ್ಕಾರವು ವಿದ್ಯಾಗಮ ಎಂಬ ಯೋಜನೆಯನ್ನು ತಂದಿತು. ಉಪಾಧ್ಯಾಯರು ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಗ ಉಳಿದದ್ದು ಮನೆಯೊಂದೇ. ಕೈಯಲ್ಲಿ ದೊಡ್ಡ ಫೋನೂ ಮನೆಯಲ್ಲಿ ಓದಿದ ತಾಯಿಯೂ ಇದ್ದ ಮಗು ಮುಂದೆ ಹೋಯಿತು. ಇಲ್ಲದ ಮಗು ನಿಂತಲ್ಲೇ ನಿಂತಿತು. ರಾಜ್ಯದ ಹಳ್ಳಿಗಳಲ್ಲಿ ನಡೆದ ಅಸರ್ ಸಮೀಕ್ಷೆಯಂತೆ, ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರು. 2021ರಲ್ಲಿ ಸುಮಾರು 10ಕ್ಕೆ ಇಳಿದರು. ನೂರಕ್ಕೆ ಹತ್ತೊಂಬತ್ತೆಂಬುದೇ ನಾಚಿಕೆಗೇಡು. ಅದರ ಅರ್ಧಕ್ಕೆ ಏನೆನ್ನೋಣ? ತರಗತಿ ಮೇಲೇರುತ್ತದೆ, ಪುಸ್ತಕ ದಪ್ಪವಾಗುತ್ತದೆ, ಮಗು ಮಾತ್ರ ಒತ್ತಕ್ಷರದ ಹತ್ತಿರವೇ ತಡವರಿಸುತ್ತಿರುತ್ತದೆ.

ಮನೆಯಲ್ಲಿ ಕಲಿಸುವುದು ಕನ್ನಡನಾಡಿಗೆ ಹೊಸತಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮ ಮಕ್ಕಳನ್ನು ಕೆಲವು ವರ್ಷ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಬೆಳೆಸಿದರು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಕನ್ನಡದ ಮಕ್ಕಳೆಲ್ಲರಿಗಾಗಿ ಬಾಲಪ್ರಪಂಚವನ್ನು ಬರೆದು ಮೂರು ಸಂಪುಟಗಳಲ್ಲಿ ಕೊಟ್ಟರು. ಕಾರಂತರ ಮನೆಯ ತುಂಬ ಪುಸ್ತಕವಿತ್ತು. ತಮ್ಮ ಹೊತ್ತಿಗೆ ಅವರೇ ಒಡೆಯರಾಗಿದ್ದರು. ಪಾಳಿಯ ಗಂಟೆಗೆ ಓಡಬೇಕಾದವನು ಅವರ ಹಾಗೆ ಮಾಡಲಾರ. ನಮ್ಮ ಹಳ್ಳಿಗಳ ಕೂಲಿಮಠವು ಇನ್ನೊಂದು ಬಗೆ. ಮರಳಿನ ಮೇಲೆ ಅಕ್ಷರ, ಕಾಲು ಅರೆ ಮುಕ್ಕಾಲುಗಳ ಮಗ್ಗಿ, ಪತ್ರ ಬರೆಯುವುದು, ಲೆಕ್ಕದ ಕಡತ ಇಡುವುದು, ಇವು ಅಲ್ಲಿನ ಪಾಠಗಳು. ಬದುಕಿಗೆ ಬೇಕಾದ್ದನ್ನು ಅಯ್ಯನವರು ಕಲಿಸುತ್ತಿದ್ದರು, ನಿಜ. ಆದರೆ ಹೊಲೆಮಾದಿಗರ ಕೇರಿಯ ಮಗುವಿಗೂ ಬಹುಪಾಲು ಹೆಣ್ಣುಮಕ್ಕಳಿಗೂ ಆ ಜಗಲಿ ದಕ್ಕಲಿಲ್ಲ. ಹಳೆಯದೆಲ್ಲವೂ ಚಿನ್ನವೆಂದು ಹಾಡುವವರು ಇದನ್ನು ನೆನೆಯಬೇಕು. ಶಾಲೆಯನ್ನು ತೊರೆಯುವ ಮಾತನ್ನು ನಾವು ಒಪ್ಪದಿರುವುದೂ ಇದಕ್ಕಾಗಿಯೇ. ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ, ಓದುವ ಜಾಗ ನಮ್ಮ ಊರುಗಳಲ್ಲಿ ಸರ್ಕಾರಿ ಶಾಲೆಯನ್ನು ಬಿಟ್ಟರೆ ಎಷ್ಟಿವೆ? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ಆ ಜಾಗವನ್ನು ಹಕ್ಕಾಗಿ ಕೊಟ್ಟಿದೆ. ಗಳಿಸಿದ ಹಕ್ಕನ್ನು ನಾವಾಗಿ ಬಿಟ್ಟುಕೊಡುವುದು ಜಾಣತನವಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಶಾಲೆಯ ಪಾಠವನ್ನೇ ರಾತ್ರಿ ಮತ್ತೊಮ್ಮೆ ಉರುಹೊಡೆಸುವುದಲ್ಲ. ಈ ವಿಚಾರದಲ್ಲಿ ನಮಗೆ ಮೇಲ್ಪಂಕ್ತಿಯಾದದ್ದು ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳು. 1995ರಲ್ಲಿ ಆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳ ಕ್ರಮವನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಅದನ್ನು ಬದಲಿಸಿಕೊಂಡರು. ಅದೇ ನಲಿಕಲಿ. ಪಾಠಗಳನ್ನೆಲ್ಲ ಒಂದು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ಒಡೆದರು. ಮಗು ತಾನಿರುವ ಮೆಟ್ಟಿಲಿನಿಂದ ಹತ್ತುತ್ತದೆ. ವಾರಗಟ್ಟಲೆ ಶಾಲೆ ತಪ್ಪಿದರೂ ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹಿಡಿಯುತ್ತದೆ. ಕಬ್ಬು ಕಡಿಯಲು, ಕಾಫಿ ಕೂಲಿಗೆ ವಲಸೆ ಹೋಗುವವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಉಂಟೇ?

ಅದನ್ನೇ ಮನೆಗೆ ತನ್ನಿ. ಮಗು ಐದನೆಯ ತರಗತಿಯೆಂದು ಐದನೆಯ ಪುಸ್ತಕ ಹಿಡಿದು ಕೂರಬೇಡಿ. ಮೊದಲು ಅಂಗಡಿಯ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಕೊಟ್ಟು ಓದಿಸಿ. ಎಲ್ಲಿ ನಿಲ್ಲುತ್ತದೆಂದು ನೋಡಿ. ಒಂದು ಭಾಗಾಕಾರ ಕೊಡಿ. ತಪ್ಪಿದರೆ ಬೈಯಬೇಡಿ, ಗುರುತು ಹಾಕಿಕೊಳ್ಳಿ. ಮೂರನೆಯ ತರಗತಿಯ ಮೆಟ್ಟಿಲಿನಲ್ಲಿದ್ದರೆ ಅಲ್ಲಿಂದಲೇ ಹೊರಡಿ. ಒಂದು ನೋಟುಪುಸ್ತಕದಲ್ಲಿ ಈ ವಾರ ಏನು, ಮುಂದಿನ ವಾರ ಏನು ಎಂದು ನಾಲ್ಕು ಸಾಲು ಬರೆದಿಟ್ಟರೆ ಅದೇ ನಿಮ್ಮ ಪಾಠಕ್ರಮ. ವಾರದ ಕೊನೆಯಲ್ಲಿ ಆಗದ್ದನ್ನು ಹೊಡೆದುಹಾಕಿ, ಆದದ್ದರ ಮುಂದಿನದನ್ನು ಬರೆಯಿರಿ.

ಪಾಠದ ಸಾಮಗ್ರಿಯನ್ನು ಪೇಟೆಯಲ್ಲಿ ಕೊಳ್ಳಬೇಕಾಗಿಲ್ಲ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನಕ್ಕೆಂದು ಮಂಗಳೂರು ಹೆದ್ದಾರಿಯ ವಾಹನಗಳು ನಿಲ್ಲುವಷ್ಟು ದಿನವೂ ಕಾಯಿ, ಕರ್ಪೂರ, ಹೂವಿನ ವ್ಯಾಪಾರ ಉಂಟು. ನೂರು ಕಾಯಿಯನ್ನು 2,500 ರೂಪಾಯಿಗೆ ತಂದಿರಿ, ಏಳು ಕೊಳೆತವು. ಉಳಿದ 93ನ್ನು ಎಷ್ಟಕ್ಕೆ ಮಾರಿದರೆ ಅಸಲು ಬರುತ್ತದೆ? ಕಾಯಿಯೊಂದಕ್ಕೆ 26 ರೂಪಾಯಿ 88 ಪೈಸೆ; ಅಂದರೆ 27ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಭಾಗಾಕಾರ, ದಶಮಾಂಶ, ಲಾಭನಷ್ಟ ಮೂರೂ ಈ ಒಂದು ಲೆಕ್ಕದಲ್ಲಿ ಬಂದವು. ಗಿರಣಿಯವರ ಮನೆಯಲ್ಲಿ ಸಂಬಳದ ಚೀಟಿ ಇದೆ. ಮೂಲ ವೇತನವೂ ತುಟ್ಟಿಭತ್ಯೆಯೂ ಸೇರಿ 15,000 ರೂಪಾಯಿಯಾದರೆ ಭವಿಷ್ಯನಿಧಿಗೆ ನೂರಕ್ಕೆ 12ರಂತೆ 1,800 ಹಿಡಿಯುತ್ತಾರೆ. ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲರಂತೆ 112 ರೂಪಾಯಿ 50 ಪೈಸೆ. ಅದನ್ನು 113 ಎಂದು ಏರಿಸಿ ಹಿಡಿಯುವುದು ನಿಯಮ. ಶೇಕಡಾ ಲೆಕ್ಕ ಕಲಿಯುವ ಹುಡುಗಿ ಅಪ್ಪನ ಚೀಟಿಯನ್ನು ತಿಂಗಳು ತಿಂಗಳೂ ತಾಳೆ ನೋಡಲಿ. ಹೀಗೆ ಕಲಿತ ಗಣಿತ ಪರೀಕ್ಷೆಗೂ ಬರುತ್ತದೆ, ಸಂಘದ ಸಭೆಗೂ ಬರುತ್ತದೆ.

ತಂದೆ ತಾಯಿಗಳಿಗೆ ಓದು ಬಾರದಿದ್ದರೆ? ಮಗು ಗಟ್ಟಿಯಾಗಿ ಓದಲಿ, ತಾಯಿ ರೊಟ್ಟಿ ತಟ್ಟುತ್ತಲೇ ಕೇಳಿ, ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳು ಮಗಾ ಎನ್ನಲಿ. ಅರ್ಥವಾಗಿದೆಯೋ ಇಲ್ಲವೋ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡಲಿ. ನಲಿಕಲಿಯಲ್ಲೂ ಸಹಪಾಠಿಗಳ ನೆರವಿನ ಗುಂಪೆಂಬುದು ಬೇರೆಯೇ ಇದೆ. ರಾತ್ರಿಪಾಳಿಯ ವಾರದಲ್ಲಿ ಪಾಠ ಬೆಳಿಗ್ಗೆಗೆ ಹೋಗಲಿ, ಜಾತ್ರೆಯ ವಾರದಲ್ಲಿ ಅರ್ಧ ಗಂಟೆಗೆ ಇಳಿಯಲಿ. ಪಾಠಕ್ರಮ ಮನೆಯವರದಾದ ಮೇಲೆ ಅದನ್ನು ಬಗ್ಗಿಸಲು ಯಾರ ಅಪ್ಪಣೆ ಬೇಕು?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಂಗಡಿಯಲ್ಲಿ ಲೆಕ್ಕ ಕಲಿಯುವುದಕ್ಕೂ ಅಂಗಡಿಯಲ್ಲಿ ದುಡಿಯುವುದಕ್ಕೂ ಅಂತರವಿದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಕಸುಬುಗಳಲ್ಲೂ ನಿಷೇಧಿಸಿತಾದರೂ, ಶಾಲೆಯ ವೇಳೆಯ ನಂತರವೂ ರಜೆಯಲ್ಲೂ ಮನೆಯ ಕಸುಬಿಗೆ ನೆರವಾಗಬಹುದೆಂದು ಕಿಂಡಿಯೊಂದನ್ನು ಬಿಟ್ಟಿತು. ಆ ಕಿಂಡಿಯಿಂದ ಬಡವರ ಮಕ್ಕಳೇ ಜಾರಿ ಬೀಳುವರೆಂಬುದು ನಮ್ಮ ಅಭಿಪ್ರಾಯ. ಬೀಡಿ ಸುತ್ತುವ ಮೊರದ ಮುಂದೆ ಕೂತ ಹುಡುಗಿಗೆ ಎಣಿಕೆ ಚೆನ್ನಾಗಿ ಬರುತ್ತದೆ. ಅದನ್ನು ವಿದ್ಯಾಭ್ಯಾಸವೆಂದು ಕರೆಯಲು ನಮಗೆ ಬಾಯಿ ಬಾರದು. ವ್ಯಾಪಾರಿ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಗಿರಾಕಿ ಬಂದಾಗ ಮಗು ಪುಸ್ತಕ ಮುಚ್ಚಿ ಏಳಬೇಕಾದರೆ ಅದು ಪಾಠವಲ್ಲ. ಲೆಕ್ಕ ಮುಗಿಯುವವರೆಗೆ ಗಿರಾಕಿಯನ್ನು ನೀವೇ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಒಂದು ಗಂಟೆ ಎಲ್ಲಿಂದ ಬರಬೇಕು? ಮನೆಯಲ್ಲಿ ಕಲಿಸುವ ಬೆಂಗಳೂರಿನ ಕುಟುಂಬಗಳಲ್ಲಿ ಸಾಮಾನ್ಯವಾಗಿ ಒಬ್ಬರ ದುಡಿಮೆಯಿಂದ ಮನೆ ನಡೆಯುತ್ತದೆ, ಇನ್ನೊಬ್ಬರಿಗೆ ಹೊತ್ತು ಸಿಗುತ್ತದೆ. ನಮ್ಮಲ್ಲಿ ಇಬ್ಬರೂ ದುಡಿದರೂ ತಿಂಗಳ ಕೊನೆ ಮುಟ್ಟುವುದು ಕಷ್ಟ. ಹೀಗಿರುವಾಗ 2023ರ ಫೆಬ್ರವರಿಯಲ್ಲಿ ರಾಜ್ಯದ ಶಾಸನಸಭೆಯು ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ಹನ್ನೆರಡು ಗಂಟೆ ನಿಂತು ಬಂದವನಿಗೆ ಮಗುವಿನ ನೋಟುಪುಸ್ತಕ ತೆರೆಯುವ ಚೈತನ್ಯ ಎಲ್ಲಿರುತ್ತದೆ? ಎಂಟು ಗಂಟೆಯ ದಿನಕ್ಕಾಗಿ ಹಿಂದಿನವರು ಹೋರಾಡಿದ್ದು ಕೇವಲ ಮೈಯ ದಣಿವಿಗಾಗಿ ಅಲ್ಲ. ಸಂಘಗಳು ಪಾಳಿಯ ವೇಳೆಯ ಬಗ್ಗೆ ಮಾತಾಡುವಾಗ ಮಕ್ಕಳ ಪಾಠದ ಗಂಟೆಯನ್ನೂ ಬೇಡಿಕೆಯ ಪಟ್ಟಿಯಲ್ಲಿ ಹೆಸರಿಟ್ಟು ಬರೆಯಬೇಕು.

ಹತ್ತಿರದ ಕೆಲಸವೊಂದು ಉಂಟು. 2020ರ ನವೆಂಬರಿನಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳತೊಡಗಿದರು. ಆ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂದು ಹೆಸರು. ಹೆಸರು ಚೆನ್ನಾಗಿದೆ. ಗಿರಣಿ ಬಿಡುವ ಹೊತ್ತಿಗೆ, ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಅದರ ಬಾಗಿಲು ತೆರೆದಿರುತ್ತದೆಯೇ? ಮನೆಯಲ್ಲಿ ಜಾಗವಿಲ್ಲದ, ದೀಪವಿಲ್ಲದ, ಹೇಳಿಕೊಡುವವರಿಲ್ಲದ ಮಕ್ಕಳು ಸಂಜೆ ಅಲ್ಲಿ ಕೂರುವಂತಾಗಬೇಕು. ಯಡಿಯೂರಿನವರೂ ಕುಣಿಗಲ್, ಗುಬ್ಬಿಯ ಕಡೆಯವರೂ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಸಂಜೆ ಆರರಿಂದ ಎಂಟರವರೆಗೆ ಅರಿವು ಕೇಂದ್ರ ತೆರೆದಿರಬೇಕೆಂದು, ಆ ಹೆಚ್ಚಿನ ಎರಡು ಗಂಟೆಗೆ ಅಲ್ಲಿನ ಮೇಲ್ವಿಚಾರಕರಿಗೆ ತಕ್ಕ ಸಂಬಳ ಸಿಗಬೇಕೆಂದು ಠರಾವು ಬರೆಸಲಿ. ಠರಾವಿನ ಪ್ರತಿಯನ್ನು ನಮಗೆ ಕಳುಹಿಸಿದರೆ ಅಚ್ಚುಮಾಡುತ್ತೇವೆ. ಒಪ್ಪದ ಪಂಚಾಯಿತಿ ಯಾವುದೆಂಬುದನ್ನೂ ಅಚ್ಚುಮಾಡುತ್ತೇವೆ.