ಗೆರೆ ಎಳೆದದ್ದು ಕಿವಿಗೆ ಕೇಳಿಸಲ್ಲ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :-) ಈ ಸಲ ಊರಿಗೆ ಹೋಗಿ ಬಂದ ಮೇಲೆ ಮಾತ್ರ ಬರೆಯದೇ ಇರೋಕಾಗಲಿಲ್ಲ. ವಿಷಯ ಸಣ್ಣದು. ಅಕ್ಷರ ದಪ್ಪ ಮಾಡೋದು, ವಾಲಿಸೋದು, ಅಡಿಗೆರೆ ಎಳೆಯೋದು, ಅಡ್ಡ ಗೆರೆ ಎಳೆದು ಹೊಡೆದುಹಾಕೋದು... ಇಷ್ಟೇ. ಈ ಇಷ್ಟೇ ಅನ್ನೋದು ನಮ್ಮಮ್ಮನನ್ನ ಒಂದು ರಾತ್ರಿ ನಡುಗಿಸಿಬಿಟ್ಟಿತು.

ಅಮ್ಮ ಇರೋದು ಹೊಸದುರ್ಗದಲ್ಲಿ. ಸಕ್ಕರೆ ಕಾಯಿಲೆ ಇದೆ. ಕಣ್ಣಿನ ಪೊರೆ ಆಪರೇಶನ್ ಆಗಿ ವಾರವಾಗಿತ್ತು, ಫೋನು ನೋಡಬಾರದು ಅಂದಿದ್ದರು. ಅದೇ ಹೊತ್ತಿಗೆ ಡಾಕ್ಟರು ರಾತ್ರಿಯ ಮಾತ್ರೆ ಎರಡರಿಂದ ಒಂದಕ್ಕೆ ಇಳಿಸಿದರು. ನಾನು ಬೆಂಗಳೂರಿನಲ್ಲಿ ಕೂತು ನೀಟಾಗಿ ವಾಟ್ಸಾಪಿನಲ್ಲಿ ಪಟ್ಟಿ ಮಾಡಿ ಕಳಿಸಿದೆ. ಹಳೆಯದನ್ನು ಅಳಿಸಲಿಲ್ಲ. ಏನು ಬದಲಾಯಿತು ಅಂತ ಗೊತ್ತಾಗಲಿ ಅಂತ "ರಾತ್ರಿ 2 ಮಾತ್ರೆ" ಅನ್ನುವ ಸಾಲಿನ ಎರಡೂ ತುದಿಗೆ ಆ ಅಲೆಯ ಗುರುತು ಹಾಕಿ ಹೊಡೆದುಹಾಕಿದೆ. ಕೆಳಗೆ "ರಾತ್ರಿ 1 ಮಾತ್ರೆ" ಅಂತ ಬರೆದೆ. ಆಫೀಸಿನಲ್ಲಿ ದಿನಾ ಮಾಡೋದೇ ಹೀಗಲ್ವೆ.

ಅಮ್ಮ ಪಕ್ಕದ ಮನೆ ಹುಡುಗನ ಕೈಲಿ ಓದಿಸಿಕೊಂಡಿದ್ದಾರೆ. ಎಂಟನೇ ಕ್ಲಾಸು, ಚುರುಕು ಹುಡುಗ. ಅವನು ಎರಡೂ ಸಾಲನ್ನ ಗಟ್ಟಿಯಾಗಿ ಓದಿದ್ದಾನೆ. ಎರಡು, ಆಮೇಲೆ ಒಂದು. ಅಮ್ಮ ಮೂರು ನುಂಗಿದ್ದಾರೆ. ರಾತ್ರಿ ಹನ್ನೊಂದಕ್ಕೆ ಮೈಯೆಲ್ಲ ಬೆವರು, ಕೈ ನಡುಕ. ಪುಣ್ಯಕ್ಕೆ ಅಕ್ಕ ಬಂದಿದ್ದಳು, ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬೆಳಗ್ಗೆ ಹೊತ್ತಿಗೆ ಸರಿಹೋಯಿತು.

ಆ ಶನಿವಾರ ಬಸ್ಸು ಹತ್ತಿ ಹಿರಿಯೂರು ಮೇಲೆ ಊರಿಗೆ ಹೋದೆ. ಹುಡುಗ ಮುಖ ಸಣ್ಣದು ಮಾಡಿಕೊಂಡು ಬಂದ. "ಅಣ್ಣಾ, ಗೆರೆ ಹಾಕಿದ್ರಲ್ಲ, ಅದೇ ಮುಖ್ಯ ಅಂದ್ಕೊಂಡೆ. ನಮ್ ಮಿಸ್ಸು ಮುಖ್ಯವಾಗಿದ್ದಕ್ಕೇ ಗೆರೆ ಹಾಕ್ಸೋದು" ಅಂದ. ಏನು ಹೇಳಲಿ? ಅವನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ಪೂರ್ತಿ ನಂದು. ಸಾಫ್ಟ್‌ವೇರ್ ಇಂಜಿನಿಯರ್ ಅಂತೆ, ಇಂಜಿನಿಯರ್ರು!

ನಮ್ಮ ಮನೆಗಳಲ್ಲಿ ಬರಹವನ್ನ ಒಬ್ಬರು ಓದುತ್ತಾರೆ, ನಾಲ್ಕು ಜನ ಕೇಳುತ್ತಾರೆ. ಮದುವೆ ಪತ್ರಿಕೆ, ಕರೆಂಟು ಬಿಲ್ಲು, ಕೋರ್ಟಿನ ನೋಟೀಸು, ಎಲ್ಲಾ ಹಾಗೇ. ದಪ್ಪ, ವಾಲಿಕೆ, ಹೊಡೆತ ಇವೆಲ್ಲ ಕಣ್ಣಿಗೆ ಮಾಡಿದ ಸಂಜ್ಞೆಗಳು, ಬಾಯಿಗೆ ಬಂದ ತಕ್ಷಣ ಉದುರಿಹೋಗುತ್ತವೆ. ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರುಗಳ ಕತೆಯೂ ಇದೇ. ಸೆಟ್ಟಿಂಗ್ ಬದಲಾಯಿಸದಿದ್ದರೆ ಅವುಗಳಲ್ಲಿ ಹೆಚ್ಚಿನವು ಹೊಡೆದುಹಾಕಿದ ಸಾಲನ್ನೂ ಮಾಮೂಲಿ ಸಾಲಿನಂತೆ ಓದಿಕೊಂಡು ಹೋಗುತ್ತವೆ.

ಹುಟ್ಟಿನಿಂದಲೂ ಈ ಗುರುತುಗಳು ಇಂಗ್ಲಿಷಿನ ಮೈ ಅಳತೆಗೆ ಹೊಲಿದ ಅಂಗಿ. ಬರೀ ಅಕ್ಷರ ಮಾತ್ರ ಕಳಿಸಲು ಆಗುತ್ತಿದ್ದ ಕಾಲದ ಈಮೇಲುಗಳಲ್ಲಿ ಅವರು ಪದದ ಎರಡೂ ಕಡೆ ನಕ್ಷತ್ರ ಇಟ್ಟು ಒತ್ತು ತೋರಿಸುತ್ತಿದ್ದರು. ಆ ಅಭ್ಯಾಸವನ್ನೇ ಹಿಡಿದು 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಅಂತ ಮಾಡಿದ. 2016ರಲ್ಲಿ ವಾಟ್ಸಾಪಿಗೂ ನಕ್ಷತ್ರ, ಕೆಳಗೆರೆ, ಅಲೆ ಬಂದವು. ತಮಾಷೆ ನೋಡಿ, ನಮ್ಮೂರಲ್ಲಿ ಸೈಟಿನ ಅಳತೆ ಬರೆಯೋದೂ ನಕ್ಷತ್ರ ಹಾಕಿಯೇ. "30*40, 40*60 ಸೈಟುಗಳು ಮಾರಾಟಕ್ಕಿವೆ" ಅಂತ ಮಾರ್ಕ್‌ಡೌನಿನಲ್ಲಿ ಬರೆದರೆ ಎರಡೂ ನಕ್ಷತ್ರ ಮಾಯ! "3040, 4060" ಅಂತ ಕಾಣುತ್ತೆ, ನಡುವಿನ ನಲವತ್ತುಗಳು ಮಾತ್ರ ವಾಲಿಕೊಂಡು ನಿಂತಿರುತ್ತವೆ. ಚೌಕ ಕಂಸದೊಳಗೆ ಇಂಗ್ಲಿಷಿನ ಬಿ ಹಾಕಿ ದಪ್ಪ ಮಾಡುವ ಪದ್ಧತಿ ಇತ್ತಲ್ಲ, ಅದರಲ್ಲಿ ಕೀಬೋರ್ಡು ಕನ್ನಡದಲ್ಲೇ ಉಳಿದಿದ್ದರೆ ಕಂಸದೊಳಗೆ "ಬ್" ಅಂತ ಬಂದು ಕೂರುತ್ತಿತ್ತು. ಅನುಭವಿಸಿದವರು ಕೈ ಎತ್ತಿ :-)

ಇನ್ನೂ ಆಳದ ತೊಂದರೆ ಬೇಕಾದರೆ ನಮ್ಮ ಜಿಲ್ಲೆಯ ನಾಲ್ಕು ಊರಿನ ಹೆಸರೇ ಸಾಕು. ನಾನು ಯಾವ ಸಾಫ್ಟ್‌ವೇರು ಸಿಕ್ಕರೂ ಮೊದಲು ಇವನ್ನೇ ಟೈಪಿಸಿ ನೋಡೋದು. ಚಿತ್ರದುರ್ಗ, ಹೊಸದುರ್ಗ ಎರಡರಲ್ಲೂ ಅರ್ಕಾವತ್ತು ಇದೆ. ಕಂಪ್ಯೂಟರಿನೊಳಗೆ ಮೊದಲು ರ, ಆಮೇಲೆ ಹಲಂತ, ಆಮೇಲೆ ಗ. ಪರದೆಯ ಮೇಲೆ ಗ ಮೊದಲು, ರಕಾರ ಅದರ ಬಾಲ. ಹೊಳಲ್ಕೆರೆಯದು ಇನ್ನೊಂದು ಥರ. ಎತ್ವ ಸೇರಿರೋದು ಕಕಾರಕ್ಕೆ, ಕಾಣೋದು ಲಕಾರದ ತಲೆ ಮೇಲೆ, ಕ ಪಾಪ ಒತ್ತಾಗಿ ಕೆಳಗೆ. ಅಡಿಗೆರೆ ಎಳೆದರೆ ಆ ಒತ್ತಿನ ಕುತ್ತಿಗೆಗೇ ಬರುತ್ತೆ. (ಈಗಿನ ಬ್ರೌಸರುಗಳು ಅಲ್ಲಿ ಗೆರೆ ತುಂಡು ಮಾಡಿ ದಾರಿ ಬಿಡುತ್ತವೆ, ಅಷ್ಟರ ಮಟ್ಟಿಗೆ ಪುಣ್ಯಾತ್ಮರು.)

ಹಿರಿಯೂರು ನೋಡೋಕೆ ಸಾಧು. ಆದರೆ "ಹಿರಿಯೂರಿಗೆ" ಅಂತ ಬರೆದು ಊರಿನ ಹೆಸರನ್ನಷ್ಟೇ ದಪ್ಪ ಮಾಡಿ ನೋಡೋಣ. ಎಲ್ಲಿ ಕತ್ತರಿಸ್ತೀರಿ? ಇಂಗ್ಲಿಷಿನಲ್ಲಿ ಹೆಸರು ಬೇರೆ, "ಟು" ಬೇರೆ, ಮಧ್ಯೆ ಜಾಗ ಇದೆ. ಇಲ್ಲಿ ವಿಭಕ್ತಿ ಬಂದು ರು ಹೋಗಿ ರಿ ಆಗಿದೆ. ರಕಾರದ ಮುಂದೆ ಗುರುತು ಮುಚ್ಚಿದರೆ ಗುಡಿಸು ಅನಾಥವಾಗುತ್ತೆ. ಕೆಲವು ಕಡೆ ಚುಕ್ಕಿಚುಕ್ಕಿಯ ವೃತ್ತದ ಮೇಲೆ ಕೂತುಕೊಂಡು ಯಾರಪ್ಪಾ ನನ್ನ ವ್ಯಂಜನ ಅಂತ ಕೇಳುತ್ತಿರುತ್ತೆ. ಕನ್ನಡದಲ್ಲಿ ಅಕ್ಷರ ಅನ್ನೋದು ಒಡೆಯಬಾರದ ಗಡಿಗೆ. ದಪ್ಪ ಮಾಡಿದರೆ ಇಡೀ ಪದ ಮಾಡಿ, ಇಲ್ಲಾಂದ್ರೆ ಬಿಡಿ.

ನಮ್ಮವರು ಇದನ್ನ ಯೋಚಿಸೇ ಇರಲಿಲ್ಲ ಅಂತಲ್ಲ. ಭಾರತದ ಲಿಪಿಗಳಿಗೆಂದು ಮಾಡಿದ ಇಸ್ಕಿ ಸಂಕೇತದಲ್ಲಿ (1991ರಲ್ಲಿ ಅದು ಭಾರತೀಯ ಮಾನಕವಾಯಿತು) ದಪ್ಪ, ವಾಲಿಕೆ, ಅಡಿಗೆರೆಗಳಿಗೆಂದೇ ಒಂದು ವಿಶೇಷ ಸಂಕೇತ ಇತ್ತು, ಲಿಪಿ ಬದಲಿಸೋಕೂ ಅದೇ. ಯುನಿಕೋಡ್ ಕನ್ನಡ ಅಕ್ಷರಗಳನ್ನ ಇಸ್ಕಿಯ ಜಾಡಿನಲ್ಲೇ ಜೋಡಿಸಿಕೊಂಡಿತು, ಅಲಂಕಾರದ ಆ ಸಂಕೇತವನ್ನ ಮಾತ್ರ ಬಿಟ್ಟಿತು. ಸರಿಯಾಗಿಯೇ ಮಾಡಿತು ಅನ್ನೋದು ನನ್ನ ಅಭಿಪ್ರಾಯ. ಹಳೆಯ ನುಡಿ, ಬರಹ ಫಾಂಟುಗಳ ಪಾಡು ನೆನಪಿದೆಯಲ್ಲ? ಅಕ್ಕನ ಮದುವೆ ಪತ್ರಿಕೆಯ ಫೈಲನ್ನ ಡಿಟಿಪಿ ಅಂಗಡಿಯಿಂದ ತಂದು ಮನೆಯ ಕಂಪ್ಯೂಟರಿನಲ್ಲಿ ತೆಗೆದರೆ ಇಂಗ್ಲಿಷು, ಫ್ರೆಂಚು, ಏನೇನೋ ಕೊಂಬುಗಳು! ಆಗ ಕನ್ನಡ ಅನ್ನೋದೇ ಒಂದು ವೇಷ. ಫಾಂಟ್ ಹೋದರೆ ಭಾಷೆಯೇ ಹೋಯಿತು.

ವಾಲಿದ ಅಕ್ಷರದ ಬಗ್ಗೆ ಹೆಚ್ಚು ಹೇಳೋಲ್ಲ. ಅದು 1501ರ ಹೊತ್ತಿಗೆ ವೆನಿಸ್ಸಿನ ಆಲ್ಡಸ್ ಮನೂಷಿಯಸ್ಸನ ಮುದ್ರಣಾಲಯದಲ್ಲಿ, ಅಲ್ಲಿನವರ ಕೈಬರಹ ನೋಡಿ ಮಾಡಿದ್ದು. ನಮ್ಮಲ್ಲಿ ಆ ಸಂಪ್ರದಾಯವೇ ಇಲ್ಲ. ವಾಲಿದ ರೂಪ ಫಾಂಟಿನಲ್ಲೇ ಇಲ್ಲದಿದ್ದರೆ ಬ್ರೌಸರು ನೆಟ್ಟಗಿದ್ದದ್ದನ್ನೇ ಬಲಕ್ಕೆ ತಳ್ಳುತ್ತೆ. ದುಂಡು ಕನ್ನಡ ಅಕ್ಷರ, ಸಂಜೆ ಹೊತ್ತು ಬಾರಿನಿಂದ ಹೊರಬಂದವರ ಹಾಗೆ...

ದಪ್ಪದ್ದು ನಿಜವಾದ ಅಪಾಯ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಮ್ಮಲ್ಲಿ ಎಷ್ಟೋ ಕಡೆ ವ್ಯತ್ಯಾಸ ಒಂದು ಸಣ್ಣ ಸೀಳು. ದ-ಧ, ಪ-ಫ, ಡ-ಢ. ದಪ್ಪದ ರೂಪವೇ ಇಲ್ಲದ ಫಾಂಟನ್ನ ಯಂತ್ರ ಬಲವಂತವಾಗಿ ದಪ್ಪ ಮಾಡಿದಾಗ, ಅದೂ ಸಣ್ಣ ಗಾತ್ರದಲ್ಲಿ, ಆ ಸೀಳು ಮುಚ್ಚಿಹೋಗುತ್ತೆ. ಧನಸಹಾಯ ಹೋಗಿ ದನಸಹಾಯ! ಒತ್ತು ಕೊಡೋಕೆ ಹೋಗಿ ಅರ್ಥವನ್ನೇ ನುಂಗೋದು ಅಂದರೆ ಇದು.

ಹಾಗಾದರೆ ಒತ್ತು ಕೊಡೋದು ಹೇಗೆ? ಕನ್ನಡಕ್ಕೆ ಅದರದ್ದೇ ಗುರುತು ಇದೆ, ಅದು ನಾಲಿಗೆ ಮೇಲೇ ಇದೆ. ಏ. "ನಾನು ಹೋದೆ" ಅನ್ನೋದಕ್ಕೂ "ನಾನೇ ಹೋದೆ" ಅನ್ನೋದಕ್ಕೂ ಇರುವ ಅಂತರ ಯಾವ ನಕ್ಷತ್ರಕ್ಕೂ ಬರಲ್ಲ. ಇಂಗ್ಲಿಷಿನವರು ವಾಲಿಸಿ ತೋರಿಸಬೇಕಾದ ಎಷ್ಟೋ ಕಡೆ ನಮಗೆ ಒಂದು ಸ್ವರ ಸಾಕು. "ಮಾತ್ರೆನೂ ತಗೊಂಡೆ" ಅನ್ನುವ ಊ, "ಬಂದನೋ ಏನೋ" ಅನ್ನುವ ಓ, ಎಲ್ಲವೂ ಇದೇ ಕೆಲಸ ಮಾಡುವ ಅಣ್ಣತಮ್ಮಂದಿರು. ನಕಲು ಮಾಡಿ ಎಲ್ಲಿಗೆ ಅಂಟಿಸಿದರೂ ಇವು ಉದುರಲ್ಲ, ಎಂಟನೇ ಕ್ಲಾಸಿನ ಹುಡುಗ ಓದಿದರೂ ಉದುರಲ್ಲ.

ನಮ್ಮ ಜಿಲ್ಲೆಯದೇ ಒಬ್ಬ ಲಿಪಿಕಾರನ ನೆನಪಾಗುತ್ತೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳಿವೆಯಲ್ಲ, ಅವನ್ನು ಬರೆದವನು ಚಪಡ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎಡದಿಂದ ಬಲಕ್ಕೆ. ಕೊನೆಗೆ ತನ್ನ ಹೆಸರು ಹೇಳಿ "ಲಿಪಿಕಾರ" ಅನ್ನುವ ಪದಕ್ಕೆ ಬಂದಾಗ ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಗೆ ಹಾರುತ್ತಾನೆ, ಅದು ಬಲದಿಂದ ಎಡಕ್ಕೆ. ನಮ್ಮ ಸೀಮೆಯ ಮೊದಲ ಫಾಂಟ್ ಬದಲಾವಣೆ ಅಂತ ನಾನು ಗೆಳೆಯರ ಹತ್ತಿರ ಜಂಬ ಕೊಚ್ಚೋದುಂಟು. ಅಶೋಕನ ಮಾತುಗಳು ಜನ ಕೇಳಲಿ ಅಂತಲೇ ಕೆತ್ತಿಸಿದವು. ಒಡಿಶಾದ ಧೌಲಿಯಲ್ಲಂತೂ ಇದನ್ನ ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು ಅಂತ ಶಾಸನದಲ್ಲೇ ಇದೆ. ಚಪಡ ತನ್ನ ಕೈಚಳಕವನ್ನೆಲ್ಲ ಸ್ವಂತ ಸಹಿಗೆ ಇಟ್ಟುಕೊಂಡ, ದೊರೆಯ ಮಾತಿನ ನಡುವೆ ತುರುಕಲಿಲ್ಲ. ನನಗಿಂತ ಒಳ್ಳೆ ಇಂಜಿನಿಯರು.

ದಪ್ಪ ಅಕ್ಷರವೇ ಬೇಡ ಅಂತ ನಾನು ಹೇಳ್ತಿಲ್ಲ. ತಲೆಬರಹಕ್ಕೆ ಬೇಕು, ಉದ್ದ ಪಟ್ಟಿಯಲ್ಲಿ ಹುಡುಕೋಕೆ ಬೇಕು. ಕಣ್ಣಿಗೆ ಅನುಕೂಲವಾಗುವಷ್ಟು ಇರಲಿ, ತಕರಾರಿಲ್ಲ. ಅರ್ಥವನ್ನೇ ಅದರ ಮೇಲೆ ಹೇರಬೇಡಿ ಅನ್ನೋದಷ್ಟೇ ನನ್ನ ವಾದ. ತಪ್ಪಾದದ್ದನ್ನ ಅಳಿಸಿಬಿಡಿ, ಇಲ್ಲಾ "ಇದು ಹಳೆಯದು, ಈಗ ಬೇಡ" ಅಂತ ಬಾಯಿಬಿಟ್ಟು ಬರೆಯಿರಿ.

ಊರಿನಿಂದ ಹೊರಡುವ ಮುಂಚೆ ಅಮ್ಮನಿಗೆ ಹೊಸದಾಗಿ ಕಳಿಸಿದೆ. "ರಾತ್ರಿ ಒಂದೇ ಮಾತ್ರೆ. ಎರಡು ಬೇಡ." ಹುಡುಗ ಓದಿದ. ಅಮ್ಮ ಒಳಗಿನಿಂದ, "ಒಂದೇನಾ?" ಅಂದರು. "ಹೂಂ ಅಜ್ಜಿ, ಒಂದೇ ಅಂತೆ" ಅಂದ.