ಅಕ್ಕಿ ಮೂಟೆಗೂ ಸಾಲದ ಸಂಬಳ

ಸಂಬಳವನ್ನು ಇಮ್ಮಡಿಗಿಂತ ಹೆಚ್ಚಿಸಿದೆವೆಂದು ನೈಜೀರಿಯಾ ಸರ್ಕಾರ ತನ್ನ ಬೆನ್ನು ತಾನೇ ತಟ್ಟಿಕೊಂಡಿತು. 2024ರ ಜುಲೈ 29ರಂದು ಅಧ್ಯಕ್ಷ ಬೋಲಾ ಟಿನುಬು ಸಹಿ ಹಾಕಿದ ಕಾಯಿದೆ ತಿಂಗಳ ಕನಿಷ್ಠ ವೇತನವನ್ನು 30,000 ನೈರಾದಿಂದ 70,000ಕ್ಕೆ ಏರಿಸಿತು. ಏರಿದ್ದು ಅಂಕಿ ಮಾತ್ರ. 2019ರ 30,000 ನೈರಾಕ್ಕೆ 80 ಡಾಲರ್ ಬರುತ್ತಿತ್ತು. ಈ 70,000ಕ್ಕೆ 50 ಕೂಡ ಬರಲಿಲ್ಲ. ಡಾಲರ್ ಮಾತು ಬಿಡಿ, ಅಕ್ಕಿ ಅಂಗಡಿಗೇ ಬನ್ನಿ. 2019ರಲ್ಲಿ ಸಂಬಳದ ದಿನ 50 ಕಿಲೋ ಮೂಟೆ ಹೊತ್ತು ತಂದರೂ ಜೇಬಿನಲ್ಲಿ ನಾಲ್ಕು ಕಾಸು ಉಳಿಯುತ್ತಿತ್ತು. 2024ರಲ್ಲಿ ತಿಂಗಳಿಡೀ ದುಡಿದದ್ದನ್ನು ಪೂರ್ತಿ ಗಲ್ಲಾದ ಮುಂದೆ ಸುರಿದರೂ ಆ ಮೂಟೆ ಸಿಗಲಿಲ್ಲ.

ಇದು ಬರಗಾಲ ತಂದ ಗತಿಯಲ್ಲ. ಕುರ್ಚಿಯಲ್ಲಿ ಕೂತವರು ತಂದದ್ದು. 2023ರ ಮೇ 29ರಂದು, ಪ್ರಮಾಣವಚನದ ದಿನವೇ, ಪೆಟ್ರೋಲ್ ಸಬ್ಸಿಡಿ ಮುಗಿಯಿತೆಂದು ಟಿನುಬು ಸಾರಿದರು. ಲೀಟರಿಗೆ 200 ನೈರಾದೊಳಗಿದ್ದ ದರ ಕೆಲವೇ ದಿನಗಳಲ್ಲಿ 500ರ ಆಸುಪಾಸಿಗೆ ನೆಗೆಯಿತು. ಮುಂದಿನ ತಿಂಗಳು ನೈರಾವನ್ನೂ ಮಾರುಕಟ್ಟೆಯ ಬಾಯಿಗೆ ಬಿಟ್ಟರು. ಸಬ್ಸಿಡಿ ಹಣ ಕಳ್ಳರ ಪಾಲಾಗುತ್ತಿತ್ತು, ನಿಜ. ಆದರೆ ಸೋರುವ ಸೂರನ್ನು ಕಿತ್ತೆಸೆಯುವವರು ಒಳಗೆ ಮಲಗಿದ ಕೂಸುಗಳ ಕಡೆ ಒಮ್ಮೆಯಾದರೂ ನೋಡಬೇಡವೇ? ಲಾಗೋಸಿನ ಹಳದಿ ಡ್ಯಾನ್ಫೋ ವ್ಯಾನು ಹತ್ತಿ ಕೆಲಸಕ್ಕೆ ಹೋಗುವವರಿಗೆ ಹೋಗಿಬರುವ ಖರ್ಚೇ ಹೊರೆಯಾಯಿತು. ಬಡವರ ಹೊಟ್ಟೆ ತುಂಬಿಸುವ ಗ್ಯಾರಿ, ಅಂದರೆ ಹುರಿದ ಮರಗೆಣಸಿನ ತರಿ, ಅದೂ ಕೈಗೆಟುಕದಂತಾಯಿತು. 2024ರ ಜೂನಿನಲ್ಲಿ ಆಹಾರದ ಹಣದುಬ್ಬರ ಶೇ. 40 ದಾಟಿತ್ತು.

ಅದೇ ಜೂನಿನಲ್ಲಿ ಕಾರ್ಮಿಕರು ದೇಶವ್ಯಾಪಿ ಮುಷ್ಕರ ಹೂಡಿದರು. ಅವರು ಕೇಳಿದ್ದು 70,000 ಅಲ್ಲವೇ ಅಲ್ಲ. ಇಳಿದಿಳಿದು ಕೊನೆಗೆ 2,50,000ಕ್ಕೆ ಬಂದಿದ್ದರು. ಪೆಟ್ರೋಲ್ ದರ ಏರಿಸುವುದಿಲ್ಲವೆಂಬ ಮಾತು ನಂಬಿ 70,000ಕ್ಕೆ ಒಪ್ಪಿದೆವು ಎಂದರು ಕಾರ್ಮಿಕ ಸಂಘಟನೆಯಾದ ನೈಜೀರಿಯಾ ಕಾರ್ಮಿಕ ಕಾಂಗ್ರೆಸ್ಸಿನ ನಾಯಕ ಜೋ ಅಜೇರೊ. ಸೆಪ್ಟೆಂಬರ್ ಮೊದಲ ವಾರವೇ ಸರ್ಕಾರಿ ತೈಲ ಕಂಪನಿ ದರವನ್ನು 850 ದಾಟಿಸಿತು. ಜನರಿಗೆ ಸಹಿಸಿಕೊಳ್ಳಿ ಎಂದ ಅಧ್ಯಕ್ಷರು ಆಗಸ್ಟಿನಲ್ಲೇ ಹೊಸದಾಗಿ ಕೊಂಡ ಏರ್‌ಬಸ್ ಹತ್ತಿ ಫ್ರಾನ್ಸಿಗೆ ಹಾರಿದ್ದರು. ನಾಚಿಕೆಯಾಗಬೇಕು!

ಇನ್ನು, 25ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಕನಿಷ್ಠ ವೇತನದ ಕಾಯಿದೆಯೇ ಅನ್ವಯಿಸುವುದಿಲ್ಲ. ಹೊಲಿಗೆ ಅಂಗಡಿಯ ಹುಡುಗಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ ಆ ಸವಕಲು 70,000 ಕೂಡ ಹಕ್ಕಲ್ಲ. ಐದು ವರ್ಷಕ್ಕೊಮ್ಮೆ ಇದ್ದ ಪರಿಷ್ಕರಣೆಯನ್ನು ಮೂರು ವರ್ಷಕ್ಕೆ ಇಳಿಸಿದ್ದನ್ನೇ ಸುಧಾರಣೆ ಎನ್ನಬೇಡಿ. ಬೆಲೆ ಏರಿದಾಗಲೆಲ್ಲ ಸಂಬಳ ತಾನಾಗಿಯೇ ಏರುವಂತೆ ಕಾಯಿದೆ ಬರೆಯಿರಿ. ಸಣ್ಣ ಅಂಗಡಿಯ ಆಳನ್ನೂ ಅದರೊಳಗೆ ಸೇರಿಸಿ.